ಹಲಸಿನ ಮಣೆ ಏರಿದ ಜಿಂಕೆಕೊಂಬು: ಒಂದು ಸ್ಟ್ಯಾಗ್‌ಹಾರ್ನ್ ಫರ್ನ್ ಪ್ರಕರಣ

2024ರ ಶಿವರಾತ್ರಿ ಮಾರನೇ ದಿನ ಚಿಕ್ಕಮ್ಮನ ಫೋನ್ ಬಂತು. "ಆ ಜಿಂಕೆಕೊಂಬಿನ ಗಿಡ ಹೋಗ್ತಾ ಇದೆ ಮಾರಾಯ್ತಿ. ನೀರು ಹಾಕಿದಷ್ಟೂ ಬಾಡ್ತದೆ. ಎಂತ ಮಾಡುದು ಅಂತ್ಲೇ ಗೊತ್ತಾಗ್ತಿಲ್ಲ."

ನೀರು ಹಾಕಿದಷ್ಟೂ ಬಾಡುತ್ತದೆ ಅನ್ನುವ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಆದರೂ ಕಣ್ಣಾರೆ ನೋಡದೆ ಏನೂ ಹೇಳಬಾರದು ಅಂತ ಭಾನುವಾರ ಜಯನಗರದ ಅವರ ಫ್ಲ್ಯಾಟಿಗೆ ಹೋದೆ. ಆಮೇಲಿನ ಒಂದು ವರ್ಷ ಆ ಗಿಡದ ಜೊತೆ ನಡೆದದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಸ್ಟ್ಯಾಗ್‌ಹಾರ್ನ್ ಫರ್ನ್, ಅಂದರೆ ಈ ಜಿಂಕೆಕೊಂಬಿನ ಜರಿಗಿಡ, ಈಗ ಬೆಂಗಳೂರಿನ ಎಷ್ಟೋ ಮನೆಗಳಿಗೆ ಬಂದಿದೆ. ಪ್ರೀತಿಯಿಂದ ನೋಡಿಕೊಂಡವರ ಮನೆಯಲ್ಲೇ ಅದು ಸಾಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕಂಡದ್ದು

ಗಿಡ ಹಾಲ್‌ನಲ್ಲಿ, ಕಿಟಕಿಯಿಂದ ಎಂಟು ಅಡಿ ಒಳಗೆ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೇತಾಡುತ್ತಿತ್ತು. ಸೊಳ್ಳೆ ಬರುತ್ತದೆ ಅಂತ ಕಿಟಕಿ ಸದಾ ಮುಚ್ಚಿರುತ್ತದೆ. ತಂದಾಗ ಹನ್ನೊಂದು ಎಲೆ ಇದ್ದವಂತೆ. ಈಗ ನಾಲ್ಕು ಉಳಿದಿದ್ದವು.

ಆ ನಾಲ್ಕರಲ್ಲಿ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಕಂಡವು. ಎಲೆಯ ತುದಿ ಒಣಗಿ ಕಂದಾಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದೇ ಎಲೆಯ ಬುಡ ಕಪ್ಪಾಗಿ, ಮೆತ್ತಗಾಗಿ, ಒತ್ತಿದರೆ ನೀರು ಒಸರುತ್ತಿತ್ತು. ಈ ಗಿಡದಲ್ಲಿ ತುದಿ ಒಣಗಿದರೆ ನೀರು ಸಾಲದು ಅಂತ, ಬುಡ ಕಪ್ಪಾದರೆ ನೀರು ಜಾಸ್ತಿಯಾಯಿತು ಅಂತ ಅರ್ಥ. ಎರಡೂ ಒಟ್ಟಿಗೆ ಹೇಗೆ ಬಂದವು? ಚಿಕ್ಕಮ್ಮನಿಗೆ ತುದಿ ಮಾತ್ರ ಕಾಣುತ್ತಿತ್ತು. ಅದಕ್ಕೇ ದಿನಕ್ಕೊಂದು ಚೊಂಬು ನೀರು ಹಾಕುತ್ತಲೇ ಇದ್ದರು.

ಬುಟ್ಟಿಯನ್ನು ಕೈಯಲ್ಲಿ ಎತ್ತಿ ನೋಡಿದೆ. ಕಲ್ಲಿನ ಭಾರ. ಮೂಗಿನ ಹತ್ತಿರ ತಂದರೆ ಹಳಸಿದ ವಾಸನೆ. ಚೆನ್ನಾಗಿರುವ ಗಿಡಕ್ಕೆ ಮಳೆಗಾಲದ ಕಾಡಿನ ತರಗೆಲೆಯ ವಾಸನೆ ಇರುತ್ತದೆ.

ಕೇಳಿ ತಿಳಿದದ್ದು

ಗಿಡ ಬಂದದ್ದು ಹಿಂದಿನ ವರ್ಷ ಗಣೇಶನ ಹಬ್ಬದ ಹೊತ್ತಿಗೆ, ಒಂದು ನರ್ಸರಿಯಿಂದ. "ನೆರಳಲ್ಲಿ ಇಡಿ, ದಿನಾ ನೀರು ಹಾಕಿ" ಅಂದಿದ್ದರಂತೆ. ಅಷ್ಟೇ. ಅಲ್ಲಿಂದ ಈಚೆಗೆ ಏನೇನು ಮಾಡಿದಿರಿ ಅಂತ ಒಂದೊಂದಾಗಿ ಕೇಳಿದೆ. ಚಿಕ್ಕಮ್ಮ ಮೂವತ್ತು ವರ್ಷ ಪಾಠ ಹೇಳಿದವರು. ಏನನ್ನೂ ಮುಚ್ಚಿಡದೆ ಕ್ರಮವಾಗಿ ಹೇಳಿದರು.

ಮೊದಲ ತಿಂಗಳಲ್ಲೇ ಬುಡದ ಅಗಲವಾದ ಎಲೆಗಳು ಕಂದಾಗಿ ಕಾಗದದ ಹಾಗಾದವು. ಸತ್ತ ಎಲೆ ಅಂತ ಎಳೆದು ಕಿತ್ತರು. ಮೂರು ಪದರ ಇತ್ತಂತೆ, ಮೂರೂ ಹೋದವು.

ಆಮೇಲೆ ಎಲೆಗಳ ಮೇಲೆ ಬಿಳಿ ಪುಡಿ ಕಂಡಿತು. ದಾಸವಾಳಕ್ಕೆ ಬರುವ ಹಿಟ್ಟು ತಿಗಣೆಯೇ ಇಲ್ಲಿಗೂ ಬಂತು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒರೆಸಿದ ಮೇಲೆ ಹಸಿರು ಚೆನ್ನಾಗಿ ಕಂಡಿತು. ಹೊಳಪು ಬರಲಿ ಅಂತ ಎರಡು ಹನಿ ತೆಂಗಿನೆಣ್ಣೆಯನ್ನೂ ಸವರಿದರು.

ಡಿಸೆಂಬರ್‌ನಲ್ಲಿ ಎರಡು ಎಲೆಗಳ ತುದಿಯ ಅಡಿಭಾಗದಲ್ಲಿ ಕಂದು ಮಚ್ಚೆ ಮೂಡಿತು. ಮುಟ್ಟಿದರೆ ಮಖಮಲ್ಲಿನ ಹಾಗೆ. ರೋಗ ಹರಡಬಾರದು ಅಂತ ಆ ತುದಿಗಳನ್ನು ಕತ್ತರಿಸಿದರು.

ಬುಡದ ಎಲೆ ಕಿತ್ತ ಮೇಲೆ ಗಿಡ ಬುಟ್ಟಿಯಲ್ಲಿ ಅಲ್ಲಾಡತೊಡಗಿತ್ತು. ಗಟ್ಟಿಯಾಗಲಿ ಅಂತ ಕೆಂಪು ಮಣ್ಣು, ಎರೆಗೊಬ್ಬರ ಕಲಸಿ ಬುಡ ಮುಚ್ಚುವ ಹಾಗೆ ಒತ್ತಿದರು.

ಇವುಗಳಲ್ಲಿ ಒಂದನ್ನೂ ಅಸಡ್ಡೆಯಿಂದ ಮಾಡಿದ್ದಲ್ಲ. ಇದೇ ಕೆಲಸವನ್ನು ದಾಸವಾಳಕ್ಕೋ ತುಳಸಿಗೋ ಮಾಡಿದ್ದರೆ ಭೇಷ್ ಅನ್ನುತ್ತಿದ್ದೆವು. ತೊಂದರೆ ಇರುವುದು ಇಲ್ಲಿ: ಈ ಗಿಡದಲ್ಲಿ ಆರೋಗ್ಯದ ಗುರುತುಗಳೇ ಕಾಯಿಲೆಯ ಹಾಗೆ ಕಾಣುತ್ತವೆ. ಕಂದಾದ ಬುಡದ ಎಲೆ, ಬಿಳಿ ಪುಡಿ, ಕಂದು ಮಚ್ಚೆ, ಮೂರೂ ಸರಿಯಾಗಿಯೇ ಇದ್ದವು.

ಬುಡದ ಎಲೆಯನ್ನು ನಾನು ಗುರಾಣಿ ಎಲೆ ಅನ್ನುತ್ತೇನೆ. ಈ ಜರಿಗಿಡಕ್ಕೆ ಎರಡು ಬಗೆಯ ಎಲೆ. ಕವಲೊಡೆದು ಕಡವೆಯ ಕೊಂಬಿನಂತೆ ಚಾಚುವ ಕೊಂಬೆಲೆ ಒಂದು. ಗುಂಡಗೆ ಹರಡಿ ಮರಕ್ಕೆ ಅಪ್ಪಿಕೊಳ್ಳುವ ಗುರಾಣಿ ಇನ್ನೊಂದು. ಗುರಾಣಿ ಹಸಿರಾಗಿ ಹುಟ್ಟಿ, ಕೆಲವು ತಿಂಗಳಲ್ಲಿ ಕಂದಾಗುತ್ತದೆ. ಉದುರುವುದಿಲ್ಲ. ಅದರ ಮೇಲೆ ಹೊಸ ಗುರಾಣಿ ಬರುತ್ತದೆ. ಹೀಗೆ ಪದರದ ಮೇಲೆ ಪದರ ಸೇರಿ ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಬೇರು ಇರುವುದು ಆ ಪದರಗಳ ಹಿಂದೆ. ಗುರಾಣಿ ಕಿತ್ತರೆ ಬೇರಿನ ಮನೆಯನ್ನೇ ಕಿತ್ತಂತೆ.

ಬಿಳಿ ಪುಡಿ ಅಂದದ್ದು ಪುಡಿಯಲ್ಲ, ಎಲೆಯ ಸಣ್ಣ ಸಣ್ಣ ರೋಮ. ಬಿಸಿಲು ನೇರವಾಗಿ ತಾಕದಂತೆ, ಎಲೆಯ ನೀರು ಬೇಗ ಆರದಂತೆ ಅದು ಕಾಯುತ್ತದೆ. ಒರೆಸಿದರೆ ಆ ಎಲೆಗೆ ಮತ್ತೆ ಬರುವುದಿಲ್ಲ. ಹಿಟ್ಟು ತಿಗಣೆ ಈ ಗಿಡಕ್ಕೂ ಬರುವುದು ನಿಜ. ಆದರೆ ಅದು ಎಲೆಯ ಸಂದಿಯಲ್ಲಿ ಹತ್ತಿಯ ಉಂಡೆಯ ಹಾಗೆ ಕೂರುತ್ತದೆ, ಮುಟ್ಟಿದರೆ ಅಂಟುತ್ತದೆ. ರೋಮವಾದರೆ ಎಲೆ ತುಂಬ ಒಂದೇ ಸಮ ಹರಡಿರುತ್ತದೆ.

ಇನ್ನು ಕಂದು ಮಚ್ಚೆ. ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ. ಆ ಮಖಮಲ್ಲಿನಲ್ಲಿ ಇರುವುದು ಬೀಜಕಗಳು, ಬೀಜದ ಬದಲಿಗೆ ಹೊಸ ಗಿಡ ಹುಟ್ಟಿಸುವ ಧೂಳಿನಂಥ ಕಣಗಳು. ಗಿಡ ಪ್ರಾಯಕ್ಕೆ ಬಂದಿದೆ ಅಂತ ಅರ್ಥ.

ಇದನ್ನೆಲ್ಲ ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಕೇಳಿದರು: "ನಮ್ಮ ತೀರ್ಥಹಳ್ಳಿ ಕಡೆ ಹಲಸಿನ ಮರದ ಮೇಲೆ ಒಂದು ಜರಿ ಬರ್ತದಲ್ಲ, ಅಡಿಯಲ್ಲಿ ಒಣಗಿದ ಎಲೆ, ಮೇಲೆ ಹಸಿರು. ಅದೂ ಹೀಗೆಯಾ?"

ಹೌದು, ಹೀಗೆಯೇ. ಮಲೆನಾಡಿನ ಆ ಜರಿ ಡ್ರೈನೇರಿಯಾ ಜಾತಿಯದು. ಸ್ಟ್ಯಾಗ್‌ಹಾರ್ನ್‌ಗೆ ದೂರದ ನೆಂಟ. ಅದೂ ಬುಡದಲ್ಲಿ ಕಂದು ಎಲೆಗಳ ಬುಟ್ಟಿ ಮಾಡಿಕೊಂಡು, ಮೇಲಿಂದ ಬೀಳುವ ತರಗೆಲೆ ಹಿಡಿದು, ಅದನ್ನೇ ಗೊಬ್ಬರ ಮಾಡಿಕೊಳ್ಳುತ್ತದೆ. ಅದು ಬಂದಳಿಕೆಯಲ್ಲ. ಬಂದಳಿಕೆ ಮರದ ಒಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಇದು ಮರದ ಮೇಲೆ ಸುಮ್ನೆ ಕೂತಿರುತ್ತದೆ ಅಷ್ಟೇ. ನನ್ನ ಅಷ್ಟು ಹೊತ್ತಿನ ವಿವರಣೆಗಿಂತ ಆ ಹಲಸಿನ ಮರದ ನೆನಪು ಅವರಿಗೆ ಬೇಗ ಮನದಟ್ಟು ಮಾಡಿತು. "ಹಾಗಾದ್ರೆ ಇದು ಮಣ್ಣಿನ ಗಿಡವೇ ಅಲ್ಲ" ಅಂದರು.

ಬಿಚ್ಚಿ ನೋಡಿದಾಗ

ಬಾಲ್ಕನಿಯಲ್ಲಿ ಪೇಪರ್ ಹಾಸಿ ಬುಟ್ಟಿಯನ್ನು ಕತ್ತರಿಸಿ ತೆಗೆದೆವು. ಒಳಗೆ ಮಣ್ಣು ಜೇಡಿಯಾಗಿ ಮೆತ್ತಿಕೊಂಡಿತ್ತು. ಬೇರು ಬಹುಪಾಲು ಕಪ್ಪು, ಎಳೆದರೆ ನೂಲಿನ ಹಾಗೆ ಕಿತ್ತು ಬರುತ್ತಿತ್ತು.

ಎರಡು ಲಕ್ಷಣ ಒಟ್ಟಿಗೆ ಬಂದದ್ದರ ಗುಟ್ಟು ಅಲ್ಲೇ ಇತ್ತು. ಮಣ್ಣು ಮುಚ್ಚಿದ್ದರಿಂದ ಗಾಳಿಯಿಲ್ಲದೆ ಬೇರು ಕೊಳೆಯಿತು. ಬೇರು ಕೊಳೆತ ಮೇಲೆ ನೀರಿನ ನಡುವೆ ಇದ್ದರೂ ಎಲೆಗೆ ನೀರು ಏರಲಿಲ್ಲ. ರೋಮವೂ ಹೋಗಿತ್ತು, ಹಾಗಾಗಿ ಇದ್ದ ನೀರೂ ಬೇಗ ಆರಿತು. ತುದಿ ಒಣಗಿತು. ಒಣಗಿತೆಂದು ಇನ್ನಷ್ಟು ನೀರು. ಇನ್ನಷ್ಟು ಕೊಳೆ.

ಮುಖ್ಯ ಸುಳಿಯನ್ನು ಹುಡುಕಿದೆ. ಗುರಾಣಿಗಳ ನಡುವೆ, ಎಲೆಗಳೆಲ್ಲ ಹೊರಡುವ ಜಾಗದಲ್ಲಿ, ಬಿಳಿ ರೋಮ ಮುಚ್ಚಿದ ಸಣ್ಣ ಹಸಿರು ಗುಬುಟಿನ ಹಾಗೆ ಇರಬೇಕು. ಇಲ್ಲಿ ಕಪ್ಪು ಮುದ್ದೆ ಮಾತ್ರ ಇತ್ತು. ಚಿಕ್ಕಮ್ಮನೇ ಹೇಳಿದರು, "ಸುಳಿ ಕೊಳೆ." ತೆಂಗು, ಅಡಿಕೆ ನೋಡಿ ಬೆಳೆದವರಿಗೆ ಆ ಮಾತು ಬೇರೆಯವರು ಹೇಳಿಕೊಡಬೇಕಿಲ್ಲ. ತೆಂಗಿನ ಸುಳಿ ಹೋದರೆ ಮರವೇ ಹೋದಂತೆ, ಅಲ್ವಾ?

ಆದರೆ ಇದು ಪ್ಲ್ಯಾಟಿಸೀರಿಯಂ ಬೈಫರ್ಕೇಟಂ ಎಂಬ ಜಾತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಕಾಡುಗಳಲ್ಲಿ ಮರ, ಬಂಡೆಗಳ ಮೇಲೆ ಬೆಳೆಯುವುದು. ಇದು ಬಾಳೆಯ ಹಾಗೆ ಪಕ್ಕದಲ್ಲಿ ಮರಿ ಹಾಕುತ್ತದೆ. ಅದೇ ನಾಡಿನ ಇನ್ನೊಂದು ದೊಡ್ಡ ಜಾತಿ ಪ್ಲ್ಯಾಟಿಸೀರಿಯಂ ಸುಪರ್ಬಂ ಮರಿ ಹಾಕುವುದಿಲ್ಲ. ಅದಕ್ಕೆ ಒಂದೇ ಸುಳಿ. ಆ ಸುಳಿ ಹೋದರೆ ಮುಗಿಯಿತು. ಕೊಳ್ಳುವ ಮುಂಚೆ ಯಾವ ಜಾತಿ ಅಂತ ಕೇಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಭಾರತದ ಕಾಡಿನಲ್ಲೂ ಒಂದು ಜಾತಿ ಇದೆ, ಮಣಿಪುರದ ಕಡೆ, ಪ್ಲ್ಯಾಟಿಸೀರಿಯಂ ವಾಲಿಚಿಯೈ. ಅದನ್ನು ಅಲ್ಲೇ ಮರದ ಮೇಲೆ ಬಿಡುವುದು ಒಳ್ಳೆಯದು.

ನಮ್ಮ ಗಿಡದಲ್ಲಿ ಎರಡು ಮರಿ ಸಿಕ್ಕವು. ಒಂದು ಹೆಬ್ಬೆರಳಿನಷ್ಟು, ಇನ್ನೊಂದಕ್ಕೆ ನಾಲ್ಕು ಇಂಚಿನ ಎರಡು ಕೊಂಬೆಲೆ. ಎರಡರ ಸುಳಿಯೂ ಹಸಿರಾಗಿತ್ತು. ದೊಡ್ಡದರ ಹಿಂದೆ ಒಂದು ಹಿಡಿ ಕಂದು ಬೇರು, ಗಟ್ಟಿಯಾಗಿಯೇ ಇತ್ತು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು.

ಕುದಿಯುವ ನೀರಿನಲ್ಲಿ ಅದ್ದಿದ ಚಾಕುವಿನಿಂದ ಕಪ್ಪು ಭಾಗವನ್ನೆಲ್ಲ ಕತ್ತರಿಸಿದೆ. ಒಳ್ಳೆ ಭಾಗ ಕಾಣುವವರೆಗೂ ಹೋಗಬೇಕು, ಇಲ್ಲಿ ಕನಿಕರ ಕೆಲಸಕ್ಕೆ ಬರುವುದಿಲ್ಲ. ಚಿಕ್ಕಮ್ಮ, "ಬೋರ್ಡೋ ಹೊಡೆಯುದಾ?" ಅಂದರು. ಅಡಿಕೆ ಕೊಳೆಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದನ್ನು ಕಂಡವರು ಅವರು. ಬೇಡ ಅಂದೆ. ಮೈಲುತುತ್ತ ಅಂದರೆ ತಾಮ್ರ. ಈ ಗಿಡಕ್ಕೆ ತಾಮ್ರ ಆಗಿಬರುವುದಿಲ್ಲ. ಬೆಳೆಸುವವರು ಕಟ್ಟುವುದಕ್ಕೂ ತಾಮ್ರದ ತಂತಿ ಬಳಸುವುದಿಲ್ಲ. ಬುಡದ ಕೊಳೆಗೆ ಮೊದಲ ಮದ್ದು ನೀರು ನಿಲ್ಲಿಸುವುದು, ಗಾಳಿ ಕೊಡುವುದು. ಮರಿಗಳನ್ನು ಎರಡು ದಿನ ನೆರಳಲ್ಲಿ ಪೇಪರ್ ಮೇಲೆ ಹಾಗೇ ಬಿಟ್ಟೆವು.

ಮಣೆಗೆ ಕಟ್ಟಿದ್ದು

ಹಲಗೆ ಹುಡುಕುವಾಗ ಚಿಕ್ಕಮ್ಮ ಅಟ್ಟದಿಂದ ಒಂದು ಮಣೆ ಇಳಿಸಿದರು. ಊಟಕ್ಕೆ ಕೂರುವ ಹಳೇ ಹಲಸಿನ ಮಣೆ, ಅವರ ಅತ್ತೆಯ ಕಾಲದ್ದು. ಬಣ್ಣವಿಲ್ಲ, ಪಾಲಿಶ್ ಇಲ್ಲ, ಒದ್ದೆಗೆ ಬೇಗ ಹಾಳಾಗದ ಮರ. ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಪ್ಲೈವುಡ್ ಆದರೆ ಒಂದೆರಡು ಮಳೆಗಾಲಕ್ಕೆ ಪದರ ಬಿಡುತ್ತದೆ.

ತೆಂಗಿನಕಾಯಿಯ ಸಿಪ್ಪೆಯನ್ನು ಬೆರಳ ಗಾತ್ರಕ್ಕೆ ಕತ್ತರಿಸಿ ಮೂರು ದಿನ ನೆನೆಹಾಕಿದೆವು. ದಿನಾ ನೀರು ಬದಲಿಸಿ, ಕಾಫಿ ಬಣ್ಣ ತಿಳಿಯಾದ ಮೇಲೆ ಹಿಂಡಿದೆವು. ಹೊಸ ಸಿಪ್ಪೆಯ ಚೊಗರು, ಉಪ್ಪು ಹೋಗಲಿ ಅಂತ ಹೀಗೆ ಮಾಡುವುದು. ಅದರ ಜೊತೆ ಒಂದು ಹಿಡಿ ಸ್ಫ್ಯಾಗ್ನಂ, ಅಂದರೆ ನೀರು ಹಿಡಿದಿಡುವ ಒಂದು ಪಾಚಿ. ಮಣೆಯ ನಡುವೆ ಇದನ್ನು ಇಡ್ಲಿಯ ಹಾಗೆ ಗುಪ್ಪೆ ಮಾಡಿ, ದೊಡ್ಡ ಮರಿಯ ಬೇರನ್ನು ಅದರ ಮೇಲೆ ಕೂರಿಸಿ, ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರದಿಂದ ಸುತ್ತಿದೆವು. ಸುತ್ತಲೂ ಉಕ್ಕಿನ ಎಂಟು ಸ್ಕ್ರೂ, ದಾರ ಹಿಡಿಯುವುದಕ್ಕೆ. ದಾರ ಸುಳಿಯ ಮೇಲೆ ಹಾಯಬಾರದು. ಸುಳಿಯ ಮೇಲೆ ಪಾಚಿಯೂ ಬರಬಾರದು. ಸುಳಿ ಬಯಲಲ್ಲಿ ಇದ್ದು, ಅದರ ಹಿಂದೆ ತೇವ ಇರಬೇಕು. ಸಣ್ಣ ಮರಿಯನ್ನು ಬೇರೆ ಒಂದು ಸಿಪ್ಪೆಯ ತುಂಡಿಗೆ ಕಟ್ಟಿದೆ.

ಅಷ್ಟು ಸಣ್ಣ ಮರಿಯನ್ನು ಬೇರೆ ಮಾಡಲು ನನಗೆ ಇಷ್ಟವಿರಲಿಲ್ಲ. ಕೈಯಗಲ ಆಗಿ, ತನ್ನದೇ ಗುರಾಣಿ ಬಂದ ಮೇಲೆ ಬಿಡಿಸುವುದು ಸರಿ. ಕಾಡಿನಲ್ಲಿ ಇವು ಗುಂಪಾಗಿಯೇ ಬದುಕುತ್ತವೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಇದೇ ಜಾತಿಯ ಗುಂಪುಗಳನ್ನು ನೋಡಿ ಜೀವವಿಜ್ಞಾನಿ ಕೆವಿನ್ ಬರ್ನ್ಸ್ ಮತ್ತು ಜೊತೆಗಾರರು 2021ರಲ್ಲಿ ಒಂದು ಲೇಖನ ಪ್ರಕಟಿಸಿದರು. ಗುಂಪಿನ ಮೇಲಿನ ಗಿಡಗಳು ಮಳೆನೀರನ್ನು ನಡುವಿಗೆ ಹರಿಸುತ್ತವೆ, ಕೆಳಗಿನವು ಸ್ಪಂಜಿನಂತೆ ನೀರು ಹಿಡಿಯುತ್ತವೆ, ಕೆಲವು ಬೀಜಕವನ್ನೇ ಹಾಕುವುದಿಲ್ಲ ಅಂತ ಅವರು ತೋರಿಸಿದರು. ಜೇನುಗೂಡಿನ ಹಾಗೆ ಕೆಲಸ ಹಂಚಿಕೊಂಡ ಸಂಸಾರ. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಆದರೆ ಇಲ್ಲಿ ತಾಯಿ ಗಿಡವೇ ಕೊಳೆತಿತ್ತು, ಬೇರೆ ದಾರಿ ಇರಲಿಲ್ಲ.

ಜಾಗ ಪೂರ್ವದ ಬಾಲ್ಕನಿಗೆ ಬದಲಾಯಿತು. ಬೆಳಗ್ಗೆ ಎಂಟೂವರೆವರೆಗೆ ಎಳೆ ಬಿಸಿಲು, ಆಮೇಲೆ ಬೆಳಕಿರುವ ನೆರಳು. ಗಾಳಿ ಸದಾ ಆಡುತ್ತದೆ.

ಆ ಬೇಸಿಗೆ

ಗಿಡ ಕಟ್ಟಿದ ಹೊತ್ತು ಎಂಥದ್ದು ಅಂತ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಗಳಿಗೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಅಂತ ಅದೇ ಮಾರ್ಚ್‌ನಲ್ಲಿ ಆದೇಶ ಬಂದಿತ್ತು. ಚಿಕ್ಕಮ್ಮನಿಗೆ ಸಂಕಟ. "ಮನುಷ್ಯರಿಗೇ ನೀರಿಲ್ಲ, ಇದಕ್ಕೆಲ್ಲಿಂದ ತರುದು?"

ಲೆಕ್ಕ ಹಾಕಿ ನೋಡಿದೆವು. ದಿನಕ್ಕೊಂದು ಚೊಂಬು ಅಂದರೆ ವಾರಕ್ಕೆ ಏಳೆಂಟು ಲೀಟರ್, ಬುಟ್ಟಿಯಿಂದ ಸೋರಿ ಮೋರಿಗೆ ಹೋಗುತ್ತಿತ್ತು. ಈಗ ಅಕ್ಕಿ ತೊಳೆದದ್ದಲ್ಲ, ಪಾತ್ರೆ ತೊಳೆದದ್ದಲ್ಲ, ತಿಳಿ ನೀರು ಐದು ಲೀಟರ್ ಬಕೆಟ್‌ಗೆ. ಮಣೆಯನ್ನು ಅದರೊಳಗೆ ನಿಲ್ಲಿಸಿ, ಅದೇ ನೀರನ್ನು ಮಗ್ಗಿನಲ್ಲಿ ಎತ್ತಿ ಪಾಚಿಯ ಮೇಲೆ ಹತ್ತು ನಿಮಿಷ ಸುರಿಯುವುದು. ಸುಳಿಗೆ ಬೀಳದ ಹಾಗೆ. ಗಿಡ, ಪಾಚಿ, ಸಿಪ್ಪೆ ಸೇರಿ ಕುಡಿಯುವುದು ಅರ್ಧ ಲೀಟರ್. ಉಳಿದದ್ದು ತುಳಸಿಗೆ, ನೆಲ ಒರೆಸಲು. ಒಂದು ಹನಿಯೂ ಹಾಳಾಗಲಿಲ್ಲ.

ಯಾವಾಗ ನೀರು ಅನ್ನುವುದಕ್ಕೆ ದಿನ ಎಣಿಸುವುದು ಬೇಡ ಅಂದೆ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಅವರ ಮನೆಯಲ್ಲಿತ್ತು. ನೀರು ಕುಡಿದು ಬಸಿದ ಮೇಲೆ ಮಣೆ 2.1 ಕಿಲೋ. ಪಾಚಿ ಗರಿಗರಿ ಆದಾಗ 1.6. ಮುಳ್ಳು 1.7ಕ್ಕೆ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಚಿಕ್ಕಮ್ಮ ಕ್ಯಾಲೆಂಡರ್‌ನಲ್ಲಿ ತೂಕ ಬರೆಯತೊಡಗಿದರು. ಏಪ್ರಿಲ್‌ನಲ್ಲಿ ನಾಲ್ಕು ದಿನಕ್ಕೊಮ್ಮೆ ಬಂತು. ಜುಲೈನಲ್ಲಿ ಹನ್ನೊಂದು, ಹನ್ನೆರಡು ದಿನಕ್ಕೊಮ್ಮೆ. ಡಿಸೆಂಬರ್‌ನಲ್ಲಿ ಒಂಬತ್ತು. "ವಾರಕ್ಕೊಮ್ಮೆ" ಅಂತ ಎಲ್ಲರೂ ಹೇಳುವ ಲೆಕ್ಕ ಹಿಡಿದಿದ್ದರೆ ಬೇಸಿಗೆಯಲ್ಲಿ ಒಣಗಿಸಿ, ಮಳೆಗಾಲದಲ್ಲಿ ಕೊಳೆಸುತ್ತಿದ್ದೆವು.

ಎಲ್ಲವೂ ಸರಿಹೋಗಲಿಲ್ಲ. ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ. ಸಣ್ಣ ಮರಿ ಆ ವಾರ ಒಣಗಿ ಹೋಯಿತು. ಹಿಡಿಯಷ್ಟು ಸಿಪ್ಪೆಗೆ ಅಂಥ ಬಿಸಿಲಲ್ಲಿ ಒಂದು ದಿನದ ತೇವ ಹಿಡಿಯುವ ಶಕ್ತಿಯೂ ಇರಲಿಲ್ಲ. ಅದನ್ನೂ ಮಣೆಯ ಮೇಲೆ ದೊಡ್ಡದರ ಪಕ್ಕದಲ್ಲೇ ಕಟ್ಟಬೇಕಿತ್ತು. ಈ ತಪ್ಪು ನನ್ನದು, ಈಗಲೂ ಬೇಸರವಿದೆ.

ಮೇ ತಿಂಗಳಲ್ಲಿ ದೊಡ್ಡ ಮರಿಯ ಎಲೆಯ ಅಂಚು ಕಂದಾಯಿತು. ತೂಕ ಸರಿಯಿತ್ತು, ಜಾಗ ಸರಿಯಿತ್ತು. ಪಾಚಿಯನ್ನು ಹತ್ತಿರದಿಂದ ನೋಡಿದರೆ ಬಿಳಿ ಉಪ್ಪಿನ ಪೊರೆ. ಟ್ಯಾಂಕರ್ ನೀರು ಗಡಸು, ಆರಿದಾಗ ಉಪ್ಪು ಉಳಿಯುತ್ತಿತ್ತು. ಆರ್‌ಓ ಫಿಲ್ಟರ್‌ನಿಂದ ಹೊರಗೆ ಬರುವ ನೀರು ಹಾಕಿದರಾಯಿತೇ ಅಂತ ಕೇಳಿದರು. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಪಕ್ಕದ ಮನೆಯವರ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಕ್ಯಾನ್ ಇಟ್ಟೆವು. ಅದು ಗಾಳಿಯ ತೇವವೇ ನೀರಾದದ್ದು, ಉಪ್ಪಿಲ್ಲ. ಮೂರು ಸಲ ಆ ನೀರು ಸುರಿದ ಮೇಲೆ ಪೊರೆ ಹೋಯಿತು. ಕಂದಾದ ಅಂಚು ಹಾಗೇ ಉಳಿಯಿತು, ಆದರೆ ಮುಂದೆ ಹರಡಲಿಲ್ಲ.

ಮಳೆ ಬಂದ ಮೇಲೆ

ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನಕ್ಕೆ ಬೆಂಗಳೂರು 1891ರಿಂದ ಅಷ್ಟು ಕಂಡಿರಲಿಲ್ಲ. ಮರಗಳು ಉರುಳಿದವು, ರಸ್ತೆಗಳು ಹೊಳೆಯಾದವು. ಚಿಕ್ಕಮ್ಮ ಮಣೆಯನ್ನು ಗ್ರಿಲ್‌ನ ಹೊರ ಅಂಚಿಗೆ ನೇತುಹಾಕಿ ಕೂತು ನೋಡಿದರಂತೆ. ಮಳೆಗೆ ಒಡ್ಡಿದರೆ ಕೊಳೆಯುವುದಿಲ್ಲವೇ ಅಂತ ಆಮೇಲೆ ಭಯಪಟ್ಟರು. ನೇರವಾಗಿ ನಿಂತ ಮಣೆಯ ಮೇಲೆ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಬುಟ್ಟಿಗೂ ಮಣೆಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಆ ಮಳೆಯಾದ ಹದಿನಾರನೇ ದಿನ ಒಂದು ಫೋಟೊ ಬಂತು. ಸುಳಿಯ ಪಕ್ಕದಲ್ಲಿ ನಾಣ್ಯದಷ್ಟು ಅಗಲದ ಎಳೆ ಹಸಿರು ಗುರಾಣಿ. ತುಂಬ ಮೃದು. ಬೆರಳು ತಾಕಿದರೂ ಕಲೆ ಬೀಳುತ್ತದೆ, ಮುಟ್ಟಬೇಡಿ ಅಂತ ತಕ್ಷಣ ಹೇಳಿದೆ. ಜುಲೈ ಕೊನೆಗೆ ಅದು ಅಂಗೈಯಷ್ಟಾಗಿ ಪಾಚಿಯನ್ನು ದಾಟಿ ಹಲಸಿನ ಮರಕ್ಕೆ ಅಂಟಿಕೊಂಡಿತ್ತು. ಆವರೆಗೂ ಗೊಬ್ಬರದ ಮಾತೇ ಎತ್ತಿರಲಿಲ್ಲ. ಆಗ ಶುರುಮಾಡಿದೆವು: 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವುದು), ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ. ಬಾಳೆಹಣ್ಣಿನ ಸಿಪ್ಪೆಯನ್ನು ಗುರಾಣಿಯ ಹಿಂದೆ ಸಿಕ್ಕಿಸಬೇಕು ಅಂತ ಎಷ್ಟೋ ಜನ ಹೇಳುತ್ತಾರೆ. ಫ್ಲ್ಯಾಟ್‌ನೊಳಗೆ ಅದರಿಂದ ಬರುವುದು ನೊಣ. ನಾನು ಮಾಡುವುದಿಲ್ಲ.

ದೀಪಾವಳಿಗೆ ಹೋದಾಗ ಮೂರು ಹೊಸ ಕೊಂಬೆಲೆ ಇದ್ದವು. ಉದ್ದದ್ದು 22 ಸೆಂಟಿಮೀಟರ್, ಚಿಕ್ಕಮ್ಮನೇ ಟೇಪ್ ಹಿಡಿದು ಅಳೆದರು. ಎಲೆ ತುಂಬ ಬಿಳಿ ರೋಮ, ಬೆಳಗಿನ ಬಿಸಿಲಿಗೆ ಇಬ್ಬನಿ ಬಿದ್ದ ಹಾಗೆ. ಧೂಳು ಕೂತಿತ್ತು. ಒರೆಸುವುದಾ ಅಂತ ಕೇಳಲಿಲ್ಲ. ಸ್ಪ್ರೇ ಬಾಟಲಿಯಲ್ಲಿ ನೀರು ಹಾರಿಸಿ ಹಾಗೇ ಆರಲು ಬಿಡುತ್ತಿದ್ದಾರೆ.

ಮರುವರ್ಷ, ಅಂದರೆ 2025ರ ಶಿವರಾತ್ರಿ ದಿನ ಮತ್ತೆ ಫೋನ್ ಬಂತು. "ಮೊದಲ್ನೇ ಗುರಾಣಿ ಕಂದಾಗ್ತಾ ಇದೆ. ಅಂಚಿಂದ ಶುರುವಾಗಿದೆ." ನಾನು ಏನು ಹೇಳಬೇಕು ಅಂತ ಯೋಚಿಸುವಷ್ಟರಲ್ಲಿ ಅವರೇ ಮುಂದುವರಿಸಿದರು. "ಮುಟ್ಲಿಲ್ಲ ಮಾರಾಯ್ತಿ. ಅದರ ಕೆಳಗಡೆ, ಮಣೆಯ ಎಡಕ್ಕೆ, ಬಟಾಣಿಯಷ್ಟು ಹಸಿರು ಕಾಣ್ತದೆ. ಬಿಳಿ ರೋಮವೂ ಉಂಟು. ಮರಿಯೇ ಇರ್ಬೇಕು ಅಲ್ವಾ?"

ಮರಿಯೇ. ಅದನ್ನು ಈ ಸಲ ಬಿಡಿಸುವುದಿಲ್ಲ. ಮಣೆಯಲ್ಲಿ ಇನ್ನೂ ಜಾಗ ಇದೆ.